ಎರಡನೇ ಹೂವಿನ ಕಾಯಿ

ನವೆಂಬರ್ 27, ಬುಧವಾರ

ಬೆಳಿಗ್ಗೆ ವಿಸ್ಟೀರಿಯಾ ಬಳ್ಳಿಯ ಕಟ್ಟು ಸಡಿಲಿಸಿದೆ. ಕಳೆದ ವರ್ಷ ಕಟ್ಟಿದ್ದ ಸೈಕಲ್ ಟ್ಯೂಬಿನ ಪಟ್ಟಿ ಕಾಂಡಕ್ಕೆ ಕಚ್ಚಿಕೊಂಡು ಕೂತಿತ್ತು. ಇನ್ನೊಂದು ಮಳೆಗಾಲ ಬಿಟ್ಟಿದ್ದರೆ ತೊಗಟೆ ಅದನ್ನು ನುಂಗಿಬಿಡುತ್ತಿತ್ತು. ಎರಡು ಬೆರಳು ಜಾಗ ಬಿಟ್ಟು ಮತ್ತೆ ಕಟ್ಟಿದೆ. ಬುಡದಲ್ಲಿ ಚಿಗುರು ಎದ್ದಿದ್ದವು, ಕಿತ್ತೆ. ಕತ್ತರಿಸಬಾರದು, ಬುಡಸಮೇತ ಕೀಳಬೇಕು. ಕತ್ತರಿಸಿದರೆ ಒಂದು ಹೋದ ಕಡೆ ಎರಡು ಬರುತ್ತವೆ, ಸಾಲ ಕೇಳಲು ಬಾಗಿಲಿಗೆ ಬರುವ ನೆಂಟರ ಹಾಗೆ.

ಬಳ್ಳಿಗೆ ಮರವಾಗುವ ಆಸೆ ಇರುವುದಿಲ್ಲ. ಆಸೆ ನನ್ನದು. ಅದು ಕೇಳಿದ್ದು ಹಬ್ಬಲು ಒಂದು ಗೋಡೆ, ನಾನು ಕೊಟ್ಟಿದ್ದು ಮರದ ಹಾಗೆ ನೆಟ್ಟಗೆ ನಿಲ್ಲಲು ಒಂದು ಕಬ್ಬಿಣದ ಪೈಪು. ಈ ವರ್ಷ ಮೊದಲ ಸಲ ನೇರಳೆ ಗೊಂಚಲು ಹೂ ಬಿಟ್ಟಿತು — ಮಾರ್ಚಿನಲ್ಲಿ ಒಮ್ಮೆ, ಮಳೆ ನಡುವೆ ಇನ್ನೊಮ್ಮೆ. ಅರಕಲಗೂಡು ರಸ್ತೆಯಲ್ಲಿ ಹೋಗುವ ಕಾರುಗಳೆಲ್ಲ ನನ್ನ ನರ್ಸರಿ ಮುಂದೆ ನಿಂತವು. ಎಂಟು ವರ್ಷ ಅನ್ನ ಹಾಕಿದ್ದಕ್ಕೆ ಒಂದೇ ಸಲಕ್ಕೆ ಬಡ್ಡಿ.

ಹೊಳೆನರಸೀಪುರದ ಒಬ್ಬ ಮೇಡಂ ಬಂದಿದ್ದರು. ಗೊಂಚಲು ಕಾಯಿ ನೋಡಿ, "ಇದ್ಯಾವ ಜಾತಿ ಪುಷ್ಪಾವತಿಯವರೇ?" ಅಂದರು.

"ಅವರೆ ಬಳಗದ್ದು ಮೇಡಂ. ನಮ್ಮ ಸೊಗಡವರೆಗೆ ದೂರದ ಚಿಕ್ಕಮ್ಮ ಆಗ್ಬೇಕು."

ನಕ್ಕರು. ನಗಿಸಿದರೆ ಅರ್ಧ ವ್ಯಾಪಾರ ಮುಗಿದ ಹಾಗೆ.

ಅವರು ಹೋದ ಮೇಲೆ, ಉರಿಬಿಸಿಲಲ್ಲಿ — ಫಟ್! ಮಾರ್ಚಿನ ಹೂವಿನ ಕಾಯಿ ಒಣಗಿ ಸಿಡಿದದ್ದು. ಬೀಜ ಎಲ್ಲಿ ಹಾರಿತೋ ಅಂತ ಗುಲಾಬಿ ಕುಂಡಗಳ ನಡುವೆ ಮಂಡಿಯೂರಿ ಹುಡುಕಿದೆ. ಸಿಗಲಿಲ್ಲ. ಇದರ ಕಾಯಿ, ಬೀಜ ವಿಷ. ಸಸಿ ಕೊಟ್ಟ ಊಟಿಯವನು ಹೇಳಿಯೇ ಕೊಟ್ಟಿದ್ದ — ಮಗು ಎರಡು ಬೀಜ ಅಗಿದರೂ ಆಸ್ಪತ್ರೆ ಅಂತ. ಹೂ ಬಿಡದ ಗಿಡಕ್ಕೆ ಆ ಮಾತು ಯಾರಿಗೆ ನೆನಪಿರುತ್ತದೆ? ಈಗ ದಿನಾ ನೆನಪಾಗುತ್ತದೆ.

ನವೆಂಬರ್ 29, ಶುಕ್ರವಾರ

ಪಕ್ಕದ ಹೊಲದ ಸಿದ್ದರಾಜುವಿನ ಮೇಕೆ ಬೇಲಿ ನುಗ್ಗಿ ಬಂದು ಏನೋ ತಿಂದಿದೆ. ಮಧ್ಯಾಹ್ನದಿಂದ ಹೊಟ್ಟೆ ಉಬ್ಬರಿಸಿಕೊಂಡು ಮಲಗಿತ್ತು, ಬಾಯಲ್ಲಿ ನೊರೆ. ಡಾಕ್ಟರು ಬಂದು ಎಣ್ಣೆ ಕುಡಿಸಿದರು. ಬದುಕಿತು.

ಬದುಕದಿದ್ದರೆ? ಅದು ಮೇಕೆಯಾಗಿರದೆ ಯಾರದೋ ಮಗುವಾಗಿದ್ದರೆ?

ಸಿದ್ದರಾಜುವನ್ನು ಕರೆದು ಕಾಯಿ ತೋರಿಸಿ ವಿಷ ಅಂದೆ. ಅವನು ನನ್ನ ಬೋರ್ಡುಗಳ ಕಡೆ ನೋಡಿದ. "ಔಷಧಿ ಹೊಡೆದಿದೆ, ಮುಟ್ಟಬೇಡಿ." ಸೀಬೆಗೊಂದು, ಸೀತಾಫಲಕ್ಕೊಂದು, ಚಕ್ಕೋತಕ್ಕೊಂದು. ಯಾವ ಔಷಧಿಯನ್ನೂ ಹೊಡೆದಿಲ್ಲ. ಹೊಡೆದಿಲ್ಲ ಅಂತ ಅವನಿಗೂ ಗೊತ್ತು, ಈ ರಸ್ತೆಗೆಲ್ಲ ಗೊತ್ತು. ಕಾಯಿ ಕಾಯಲು ಕೂಲಿಯಾಳು ಇಡದೆ ಬೋರ್ಡ್ ಇಟ್ಟವಳು ನಾನು.

"ಇದಕ್ಕೂ ಒಂದ್ ಬೋಲ್ಡ್ ಬರೀರಿ ಪುಷ್ಪಕ್ಕ. ಸೀಬೇಹಣ್ಣಿಗಿರೋ ಇಸವೇ ತಾನೇ ಇದು? ನಾನ್ ವಾರಕ್ಕೆ ಎಲ್ಡ್ ಕಿತ್ಕಂಡ್ ತಿಂತೀನಿ, ಕಲ್ಲಿದ್ದಂಗಿವ್ನಿ."

"ಸಿದ್ದರಾಜು, ಇದು ನಿಜವಾದ್ದು ಕಣೋ."

"ಆಯ್ತು ಆಯ್ತು. ನಿಜವಾದ್ದು."

ನಗುತ್ತಾ ಹೋದ. ಅವನ ಮೇಕೆಯೇ ಸಾಕ್ಷಿ ಹೇಳಿದರೂ ನಂಬಲಿಲ್ಲ, ಎಳೇ ಜೋಳ ತಿಂದಿತ್ತು ಅನ್ನುತ್ತಾನೆ.

ನವೆಂಬರ್ 30

ಒಣಗಿದ ಕಾಯಿಗಳನ್ನೆಲ್ಲ ಇಳಿಸಿ ಡಬ್ಬಿಯಲ್ಲಿ ಹಾಕಿ ಬೀಗ ಹಾಕಿದೆ. ಉಳಿದದ್ದು ಮಳೆಗಾಲದ ಎರಡನೇ ಹೂವಿನ ಕಾಯಿ. ಇನ್ನೂ ಹಸಿರು, ಮೈಮೇಲೆ ಮಖಮಲ್ಲಿನಂತೆ ನವಿರು. ಎಣಿಸಿದೆ, ನಲವತ್ತೊಂದು. ಕಿತ್ತು ಹೂಳಿಬಿಡೋಣ ಅಂತ ಕತ್ತರಿ ಎತ್ತಿದೆ, ಕೈ ಬರಲಿಲ್ಲ. ಬೀಜ ಬಲಿತರೆ ಸಸಿ ಎಬ್ಬಿಸಬಹುದು. ಬೀಜದ ಸಸಿ ತಾನಾಗಿ ಹೂ ಬಿಡಲು ಹತ್ತು ಹದಿನೈದು ವರ್ಷ, ಆದರೆ ಅದರ ಬೇರಿನ ಮೇಲೆ ನನ್ನ ಮರದ ಕಡ್ಡಿ ಕಸಿ ಕಟ್ಟಿದರೆ ಮೂರ್ನಾಲ್ಕೇ. ಹಾಸನದಲ್ಲಿ ಇನ್ಯಾರ ಹತ್ತಿರವೂ ಇಲ್ಲ. ಸಂಕ್ರಾಂತಿ ಕಳೆಯುವವರೆಗೆ ಕಾದರೆ ಸಾಕು.

ನೆರಳು ಪರದೆ ಹೊಲಿದು ಚೀಲ ಮಾಡಿ ಗೊಂಚಲುಗಳಿಗೆಲ್ಲ ತೊಡಿಸಿದ್ದೇನೆ. ಬಾಯಿ ಬಿಗಿಯಾಗಿ ಕಟ್ಟಿದ್ದೇನೆ. ಆದರೂ ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗೆಲ್ಲ ಅದೇ ಚಿಂತೆ.

ಡಿಸೆಂಬರ್ 4, ಬುಧವಾರ

ಅತ್ತೆ ಬಂದರು, ದಂಡಿಗನಹಳ್ಳಿಯಿಂದ. ಎರಡು ಚೀಲ ಅವರೆಕಾಯಿ. ನಮ್ಮನೆಯವರು ತೀರಿಕೊಂಡು ಒಂಬತ್ತು ವರ್ಷವಾಯಿತು, ಆದರೂ ಅವರೆ ಕಾಲಕ್ಕೆ ಬೈರಮ್ಮನವರು ತಪ್ಪದೆ ಬರುತ್ತಾರೆ. ಚಿಕ್ಕ ಮಗನ ಮನೆಯಲ್ಲೇ ಇರುವವರು, ನನ್ನ ಮನೆಯಲ್ಲಿ ಎರಡು ವಾರ ಒಲೆ ಮುಂದೆ ಕೂರುತ್ತಾರೆ. ನಾನು ಅಡುಗೆಮನೆ ಬಿಟ್ಟುಕೊಡುತ್ತೇನೆ. ಇಬ್ಬರಿಗೂ ಲಾಭ.

ಒಂದು ಕಣ್ಣಿನ ಪೊರೆ ತೆಗೆಸಿದ್ದಾರೆ, ಇನ್ನೊಂದು ಬಾಕಿ. ಕೊರೊನಾ ಬಂದು ಹೋದ ಮೇಲೆ ಮೂಗಿಗೆ ವಾಸನೆ ಇಲ್ಲ. ಅವರೆಕಾಯಿ ಮೂಸಿ ಸೊಗಡು ಹೇಳುತ್ತಿದ್ದ ಹೆಂಗಸು, ಈಗ ಬೆರಳಲ್ಲಿ ಸವರಿ ಹೇಳುತ್ತಾರೆ.

ಬಂದ ಕೂಡಲೇ ಮರದ ಕೆಳಗೆ ನಿಂತು, "ಇದ್ಯಾಕಮ್ಮಿ, ಕಾಯ್ಗೆ ಬುರ್ಕಾ ತೊಡುಸಿದ್ದೀಯ?"

"ವಿಷದ ಕಾಯಿ ಅತ್ತೆ. ಮುಟ್ಟಬ್ಯಾಡಿ."

"ಸೀಬೆಕಾಯೂ ಇಸ ಅಂತ ಬರ್ದಿದ್ದೀಯ. ಓದ್ ವರ್ಸ ನೀನೇ ಕಿತ್ಕೊಟ್ಟೆ, ತಿಂದೆ."

"ಅದು ಕಳ್ಳರಿಗೆ."

"ನಾನೇನ್ ಸಾವ್ಕಾರ್ತಿಯಾ? ನಾನೂ ಕಳ್ಳೀನೇ ಬುಡು."

ನಕ್ಕುಬಿಟ್ಟೆ. ಆಮೇಲೆ ಭಯವಾಯಿತು. ನಗಬಾರದಿತ್ತು.

ಡಿಸೆಂಬರ್ 8, ಭಾನುವಾರ

ಇಡೀ ಬೆಳಗ್ಗೆ ಅತ್ತೆಯ ಜೊತೆ ಕೂತು ಅವರೆಬೇಳೆ ಹಿತುಕಿದೆ. ನೆನೆದ ಕಾಳನ್ನು ಎರಡು ಬೆರಳ ನಡುವೆ ಒತ್ತಿದರೆ ಸಿಪ್ಪೆ ಇಲ್ಲಿ, ಬೇಳೆ ಅಲ್ಲಿ. ಅವರ ಬೇಳೆ ನೇರ ಬಟ್ಟಲಿಗೆ ಬೀಳುತ್ತದೆ, ನನ್ನದು ಗೋಡೆಗೆ. "ಬಾಯಿ ಇರೋ ಅಷ್ಟು ಬೆರಳಿಲ್ಲ ಕಣಮ್ಮಿ ನಿಂಗೆ" ಅಂದರು.

ಗಿರಾಕಿಯೊಬ್ಬರು ಬಂದು ಮರದ ಬಗ್ಗೆ ಕೇಳಿದರು. ಅಭ್ಯಾಸ. ಅದೇ ಮಾತು ಬಾಯಿಂದ ಜಾರಿತು — ಅವರೆ ಬಳಗ, ಚಿಕ್ಕಮ್ಮ. ತಿರುಗಿ ನೋಡಿದರೆ ಅತ್ತೆ ಬೇಳೆ ಹಿತುಕುವುದು ನಿಲ್ಲಿಸಿ ಕೇಳುತ್ತಿದ್ದಾರೆ.

"ಅವರೆ ಬಳಗ ಅಂದ್ಯಲ್ಲ?"

"ಜಾತಿ ಒಂದೇ, ಗುಣ ಬೇರೆ ಅತ್ತೆ. ತಿಂದ್ರೆ ಸಾಯ್ತಾರೆ."

"ಹೂಂ ಹೂಂ. ಮಾರಾಕಿಟ್ಟಿದ್ ಮುಟ್ಟುದ್ರೆ ಎಲ್ರೂ ಸಾಯ್ತಾರೆ."

ಕೈ ಹಿಡಿದು, ಕಣ್ಣು ನೋಡಿ ಹೇಳಿದೆ. ಪ್ರಮಾಣ ಮಾಡಿದೆ. ಅವರು, "ಆಯ್ತಮ್ಮ, ನಿನ್ ಗಿಡ ನೀನೇ ಇಟ್ಕೊ" ಅಂದರು. ನಂಬಿದವರ ದನಿಯಲ್ಲ, ಬಿಟ್ಟುಕೊಟ್ಟವರ ದನಿ. ಇಪ್ಪತ್ತೈದು ವರ್ಷ ಬಾಯಿಂದ ಬದುಕಿದ್ದೇನೆ, ತಳ್ಳುಗಾಡಿಯಿಂದ ಎರಡು ಎಕರೆವರೆಗೆ. ಈ ಒಂದು ಮಾತು ಮಾತ್ರ ಯಾರಿಗೂ ಮಾರಾಟವಾಗುತ್ತಿಲ್ಲ.

ಡಿಸೆಂಬರ್ 11, ಬುಧವಾರ. ಮಧ್ಯಾಹ್ನ

ಗಾಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ನರ್ಸರಿಯ ಹುಡುಗ ಭೀಮ ಓಡಿಸುತ್ತಿದ್ದಾನೆ. ಬರೆಯದಿದ್ದರೆ ಕಿರುಚುತ್ತೇನೆ, ಕಿರುಚಿದರೆ ಇವನು ಎಲ್ಲಾದರೂ ಗುದ್ದುತ್ತಾನೆ.

ಬೆಳಿಗ್ಗೆ ಬೇಗ ಮೊಸಳೆ ಅನ್ನುವ ಊರಿಗೆ ಹೋಗಿದ್ದೆವು, ಒಬ್ಬರ ತೋಟದ ಮನೆಗೆ ಗಿಡ ನೆಡಲು. ವಾಪಸ್ ಬಂದಾಗ ಪರದೆ ಚೀಲ ನೆಲದ ಮೇಲೆ. ನೀಟಾಗಿ ಮಡಿಸಿಟ್ಟಿತ್ತು! ಮರದಲ್ಲಿ ಒಂದೂ ಕಾಯಿಲ್ಲ.

"ಕಿತ್ತೆ ಕಣಮ್ಮಿ. ಬಲ್ತೋಯ್ತಿತ್ತು. ಯಶಸ್ವಿನಿಗೆ ಅವರೆಕಾಯಿ ಕಳುಸ್ದೆ, ಅದ್ರೊಳಿಕ್ಕೇ ಬೆರುಸ್ದೆ. ಕೊಣನೂರು ಬಸ್ಸು ಬಂತು, ಕಂಡಕ್ಟ್ರಿಗೆ ಕೊಟ್ಟೆ. ಮರಿ ತಿಂತದೆ ಅಂತ."

ಮರಿ ಅಂದರೆ ಮಾನಸಾ. ನನ್ನ ಮಗಳು ಯಶಸ್ವಿನಿಯ ಮಗಳು. ಮೂರು ವರ್ಷ.

"ನೀವು ತಿಂದ್ರಾ?"

"ನಂಗೆಲ್ಲಿ ಅಲ್ಲು? ರಾತ್ರಿ ಮುದ್ದೆ ಮಿಕ್ಕಿತ್ತು, ಮಜ್ಜಿಗೆ ಕಲುಸ್ಕಂಡೆ."

ಫೋನ್ ಮೂರು ಸಲ ರಿಂಗ್ ಆಗಿ ನಿಂತಿತು. ನಾಲ್ಕನೇ ಸಲಕ್ಕೆ ಯಶಸ್ವಿನಿ ಎತ್ತಿದಳು. ಸ್ಕೂಲಿಗೆ ರಜೆ ಹಾಕಿ ಮನೆಯಲ್ಲೇ ಇದ್ದಾಳೆ. ಮಾನಸಾ ಆಡುವ ಸದ್ದು ಕೇಳಿಸಿತು. ನನಗೆ ಉಸಿರು ಬಂತು.

"ಬಂತಮ್ಮ ಕಾಯಿ. ಇನ್ನೂ ಬೇಯಿಸಿಲ್ಲ. ಅಷ್ಟೊಂದು ಯಾಕೆ ಕಳಿಸಿದೆ? ಬೀದಿಗೆಲ್ಲ ಹಂಚಿದೆ."

ಹಂಚಿದ್ದಾಳೆ. ಹಂಚದೆ ಇರುತ್ತಾಳೆಯೇ? ಮನೆಗೆ ಬಂದ ಮೊದಲ ಅವರೆಯನ್ನು ಒಬ್ಬರೇ ತಿನ್ನಬಾರದು ಅಂತ ಕಲಿಸಿದವಳು ನಾನೇ. ಎಡಕ್ಕೊಂದು ಸೇರು, ಬಲಕ್ಕೊಂದು ಸೇರು, ಎದುರು ಮನೆಗೆ.

ವಿಷ ಅಂದೆ. "ನಿನ್ನ ಸೀಬೆ ಮರದ ವಿಷಾನಾ?" ಅಂತ ನಕ್ಕಳು. ಆಗ ಅತ್ತುಬಿಟ್ಟೆ. ಅವಳು ನನ್ನ ಅಳು ಕೇಳಿ ಎಷ್ಟು ವರ್ಷವಾಯಿತೋ... ನಗು ನಿಂತಿತು. "ಅಮ್ಮ, ನಾನು ಈಗಲೇ ಹೋಗಿ ಹೇಳ್ತೀನಿ. ನೀನು ಬಾ."

ಅರಕಲಗೂಡು ದಾಟಿದೆವು. ಭೀಮ, "ಅಕ್ಕ, ಏನೂ ಆಗಕಿಲ್ಲ" ಅನ್ನುತ್ತಾನೆ. ಕೇಳಿದ್ದಕ್ಕೊಮ್ಮೆ, ಕೇಳದ್ದಕ್ಕೊಮ್ಮೆ.

ಅದೇ ದಿನ, ಸಂಜೆ, ಕೊಣನೂರು

ಮಾನಸಾ ಮಡಿಲಲ್ಲಿದ್ದಾಳೆ. ಬಿಡುತ್ತಿಲ್ಲ ನಾನು.

ಮನೆ ಮನೆ ತಿರುಗಿದೆವು. ಅವರೆಕಾಯಿ ಮೈ ನುಣುಪು, ಅಂಚಿಗೆ ಸೊನೆ ಅಂಟು. ನನ್ನದಕ್ಕೆ ಮಖಮಲ್. ಸಿಪ್ಪೆ ಸಿಕ್ಕರೂ ಸಾಕು, ಗುರುತು ಹಿಡಿಯುತ್ತೇನೆ. ತಿಪ್ಪೆ ಕೆದಕಿದೆ, ಹಸುವಿನ ಬಾನಿಗೆ ಕೈ ಹಾಕಿದೆ.

ಪಕ್ಕದ ಮನೆ ಶಾಂತಕುಮಾರಿ ಟೀಚರ್ ಆಗಲೇ ಸುಲಿದು, ಉಪ್ಪಿಟ್ಟಿಗೆ ಒಗ್ಗರಣೆ ಹಾಕಿ, ಕಾಳು ಸುರಿಯುವುದರಲ್ಲಿದ್ದರು. ಬಾಣಲೆಯನ್ನೇ ಕಿತ್ತುಕೊಂಡೆ. ಕೈ ಸುಟ್ಟಿತು. ಗೊತ್ತಾಗಿದ್ದು ಈಗ.

ಎದುರು ಮನೆ ಚಲುವನಾರಾಯಣಯ್ಯನವರು ರಿಟೈರ್ಡ್ ಮೇಷ್ಟ್ರು. ಕಾಯಿ ಕೈಯಲ್ಲಿ ಹಿಡಿದು ಕನ್ನಡಕ ಏರಿಸಿ, "ವಿಷ ಅಂತ ಗೊತ್ತಿದ್ದೂ ಮನೆ ಮುಂದೆ ಬೆಳೆಸಿದ್ದೀರಲ್ಲಮ್ಮ, ಯಾಕೆ?" ಅಂದರು.

"ಚೆನ್ನಾಗಿದೆ ಸಾರ್. ಅದಕ್ಕೆ."

ಅವರು ಒಳಗಿಂದ ಚೀಲ ತಂದು ಕೈಗಿಟ್ಟರು.

ಯಾರೂ ತಿಂದಿಲ್ಲ. ಯಾರೂ! ಕಾಯಿ, ಸಿಪ್ಪೆ ಎಲ್ಲ ಜಗಲಿ ಮೇಲೆ ಸುರಿದು ಜೋಡಿಸಿದೆ. ಮೂವತ್ತನಾಲ್ಕು.

ಮತ್ತೆ ಎಣಿಸಿದೆ. ಯಶಸ್ವಿನಿ ಎಣಿಸಿದಳು. ಮೂವತ್ತನಾಲ್ಕೇ. ನಲವತ್ತೊಂದಕ್ಕೆ ಏಳು ಕಡಿಮೆ.

ಮತ್ತೆ ಎಲ್ಲರ ಮನೆಗೂ ಹೋದೆವು. ಒಂದು ಸಿಪ್ಪೆಯೂ ಸಿಗಲಿಲ್ಲ. ಕಂಡಕ್ಟರಿಗೆ ಫೋನ್ ಮಾಡಿದೆ. "ಚೀಲದ ಬಾಯಿ ದಾರದಲ್ಲಿ ಒಲ್ದಿತ್ತು ಕಣಕ್ಕ, ಅಜ್ಜಿ ಕೊಟ್ಟಂಗೇ ಕೊಟ್ಟಿವ್ನಿ" ಅಂದ.

ಅಜ್ಜಿ ಕೊಟ್ಟ ಹಾಗೇ.

ಅಂದರೆ ಆ ಏಳು ಕೊಣನೂರಿಗೆ ಬಂದೇ ಇಲ್ಲ.

ಡಿಸೆಂಬರ್ 12, ಗುರುವಾರ. ಆಸ್ಪತ್ರೆ

ನಿನ್ನೆ ಮನೆ ಮುಟ್ಟಿದಾಗ ಅತ್ತೆ ಜಗಲಿಯಲ್ಲಿ ಕಂಬಳಿ ಹೊದ್ದು ಕೂತಿದ್ದರು. ಬಚ್ಚಲು ತೊಳೆದಿತ್ತು. ಫಿನಾಯಿಲ್ ಘಾಟು. ಮೂಗಿಲ್ಲದವರು, ಎಷ್ಟು ಸುರಿದೆ ಅಂತ ಅವರಿಗೇ ಗೊತ್ತಾಗಿಲ್ಲ.

"ಮರಿ ಉಸಾರಾ?" ಅಂದರು. ಅದೊಂದೇ.

"ಉಷಾರು. ಯಾರೂ ತಿಂದಿಲ್ಲ. ನೀವು ವಾಂತಿ ಮಾಡ್ಕೊಂಡ್ರಾ?"

"ಪಿತ್ತ ಕಣ. ಬಿಸ್ಲು."

ಡಿಸೆಂಬರಿನಲ್ಲಿ ಬಿಸಿಲು! ಎಬ್ಬಿಸಲು ಹೋದರೆ ಕಾಲು ನಿಲ್ಲಲಿಲ್ಲ. ಭೀಮನೂ ನಾನೂ ಎತ್ತಿ ಗಾಡಿಗೆ ಹಾಕಿದೆವು, ಗಿಡದ ಕುಂಡಗಳ ನಡುವೆ.

ಡ್ಯೂಟಿ ಡಾಕ್ಟರ್ ಚಿಕ್ಕವಳು, ತೇಜಶ್ರೀ ಅಂತ. ವಿಸ್ಟೀರಿಯಾ ಹೆಸರು ಕೇಳಿದ್ದು ಇದೇ ಮೊದಲು. ನಾನು ತಂದಿದ್ದ ಕಾಯಿ ನೋಡಿ, ಫೋನಿನಲ್ಲಿ ಓದಿ, ಯಾರಿಗೋ ಫೋನ್ ಮಾಡಿ ಕೇಳಿದಳು. "ಎಷ್ಟು ತಿಂದಿದ್ದಾರೆ, ಹಸೀನಾ ಬೇಯಿಸಿದ್ದಾ, ಯಾವಾಗ — ಇಷ್ಟು ಗೊತ್ತಾಗಬೇಕು."

ಅತ್ತೆ, "ಏನೂ ತಿಂದಿಲ್ಲ ಕಣವ್ವ. ಮುದ್ದೆ" ಅಂದರು. ಬೆಳಗಿನವರೆಗೂ ಅದೇ ಮಾತು. ವಾಂತಿ ಮಾಡುತ್ತಾ ಅದೇ ಮಾತು. ಬಾಯಿ ಬಿಡಿಸಿ ಬದುಕಿದವಳು ನಾನು, ಈ ಬಾಯಿ ಬಿಡಿಸಲು ಆಗಲಿಲ್ಲ. ಬೇಡಿದೆ, ಬೈದೆ, ಸತ್ತ ಮಗನ ಹೆಸರು ಹೇಳಿದೆ. ಮುಖ ಗೋಡೆಗೆ ತಿರುಗಿಸಿದರು.

ವಾರ್ಡಿನವರೆಲ್ಲ ತಿಂಡಿಗೆ ಹೋದಾಗ ಮಂಚದ ಅಂಚಿಗೆ ಕೂತೆ. ಕಂಬಳಿ ಸರಿಮಾಡಿ ಹೊದಿಸಿದೆ. ಆಗ ಅವರೇ —

"ದಂಡಿಗನಳ್ಳಿಗೆ ಪೋನ್ ಮಾಡುದ್ಯಾ?"

"ಇಲ್ಲ."

"ಮಾಡ್ಬ್ಯಾಡ. ಚಿಕ್ಕೋನ್ ಎಂಡ್ರು ಆಗ್ಲೇ ಸ್ಟೌ ಮುಟ್ಟಾಕ್ ಬುಡಕಿಲ್ಲ. ಕಣ್ ಕಾಣಕಿಲ್ಲ, ಎಲ್ಡ್ ಸಲ ಉಪ್ಪಾಕ್ತೀಯ ಅಂತಳೆ. ತಟ್ಟೆ ಮುಂದ್ ಕೂರುಸಿ ಇಕ್ತಾರೆ, ಮಗೀಗ್ ಇಕ್ದಂಗೆ. ನಿನ್ ಮನೇಲಿ ಎಲ್ಡ್ ವಾರ ಒಲೆ ಮುಂದೆ ಕೂತ್ಕತೀನಿ. ಅದೂ ಓಯ್ತದೆ ಈಗ. ಗೊತ್ತಾದ್ರೆ ಯಾರ್ ಕೂರುಸ್ತಾರೆ? ಮುದುಕಿ ಮರೀಗೇ ಇಸ ಕಳುಸುದ್ಲು ಅಂತಾರೆ."

"ನಾನು ಕೂರುಸ್ತೀನಿ."

"ನೀನ್ ಬಾಯಲ್ಲ್ ಅಂತೀಯ."

"ಬಾಯಲ್ಲೇ ಅಂತೀನಿ. ಇನ್ನೇನಿದೆ ಅತ್ತೆ ನನ್ನ ಹತ್ರ?"

ತಿರುಗಿ ನೋಡಿದರು. ಪೊರೆ ಇರುವ ಕಣ್ಣು, ಇಲ್ಲದ ಕಣ್ಣು, ಎರಡರಲ್ಲೂ.

"ಏಳ್ ಕಾಯಿ. ನಿಂಗೆ ಸಾರ್ ಮಾಡನ ಅಂತ ತೆಗ್ದಿಟ್ಟಿದ್ದೆ. ಇತುಕ್ತಾ ಇತುಕ್ತಾ ಒಂದೊಂದ್ ಬಾಯ್ಗಾಕ್ಕಂಡೆ. ಸೊಗಡಿಲ್ಲ, ಏನಿಲ್ಲ, ಸಪ್ಪೆ. ನೋಡನ ಅಂತ ಇನ್ನೊಂದು... ಅಂಗೇ ಎಲ್ಲಾ. ಅಸೀದೇ."

ಎಲ್ಲಾ. ಹಸಿಯದೇ.

ಕಾರಿಡಾರಿನಲ್ಲಿ ಓಡಿ ಡಾಕ್ಟರಿಗೆ ಹೇಳಿದೆ. ಅವಳು ಬೇಗ ಬೇಗ ವಾರ್ಡಿನ ಕಡೆ ನಡೆದಳು.

ಡಿಸೆಂಬರ್ 13, ಶುಕ್ರವಾರ. ಬೆಳಿಗ್ಗೆ

ವಾಂತಿ ನಿಂತಿದೆ. ಒಳ್ಳೆಯದು ಅಂದುಕೊಂಡೆ. ಡಾಕ್ಟರ್ ಹಾಗೆ ಅನ್ನಲಿಲ್ಲ. ಬಿಪಿ ಕೆಳಗಿದೆ, ಮೈಯಲ್ಲಿ ನೀರಿಲ್ಲ, ವಯಸ್ಸು ಬೇರೆ. ಡ್ರಿಪ್ ಮೇಲೆ ಡ್ರಿಪ್. ಇದಕ್ಕೆ ಅಂತ ಬೇರೆ ಮದ್ದಿಲ್ಲವಂತೆ, ಮೈಯೇ ಗೆಲ್ಲಬೇಕು. ಸಂಜೆ ನೋಡಿ ಮೈಸೂರಿಗೆ ಕಳಿಸುವುದೋ ಏನೋ ಹೇಳುತ್ತಾರೆ.

ದಂಡಿಗನಹಳ್ಳಿಗೆ ಫೋನ್ ಮಾಡಿದೆ. ಮಾಡಲೇಬೇಕಿತ್ತು. ಮೈದುನನಿಗೆ, ನಾನು ಮಾಡಿದ ಸಾರು ತಿಂದು ಹೀಗಾಯಿತು, ಕಾಯಿ ಬೆರೆಸಿದ್ದು ನಾನೇ ಅಂದೆ. ಅವನು ಬೈದ. ಬೈಸಿಕೊಂಡೆ. ಸುಳ್ಳು ಸಲೀಸಾಗಿ ನಂಬಿದರು. ಗಂಡ ಹೆಂಡತಿ ಹೊರಟಿದ್ದಾರೆ.

ಅದೇ ದಿನ, ಮಧ್ಯಾಹ್ನ

ನಿದ್ದೆ ಜಾಸ್ತಿಯಾಗುತ್ತಿದೆ. ನರ್ಸ್ ಹೇಳಿದರು, "ಮಾತಾಡಿಸ್ತಾ ಇರಿ ಅಮ್ಮ. ಉತ್ತರ ಬರೋದು ನಿಂತರೆ ಕರೀರಿ."

ಅತ್ತೆ ಕಣ್ಣು ತೆರೆದು, "ಯಾವಾಗ್ಲೂ ಏನಮ್ಮಿ ಗೀಚ್ತೀಯ? ಗಟ್ಟಿಯಾಗ್ ಯೋಳು" ಅಂದರು. ಸರಿ, ಬರೆಯುತ್ತಾ ಗಟ್ಟಿಯಾಗಿ ಹೇಳುತ್ತಿದ್ದೇನೆ. ಏನು ಹೇಳಲಿ ಅಂದರೆ, "ಆ ನಿನ್ ಬಳ್ಳಿ ಕತೆ ಯೋಳು. ನನ್ನ ಅಡ್ಡ ಮಲುಗ್ಸೈತಲ್ಲ, ಅಂಗೇನೈತೆ ಅದ್ರಾಗೆ ನೋಡನ."

ಕೇಳಿ ಅತ್ತೆ. ಮೊದಲನೇ ವರ್ಷ, ಹೆಬ್ಬೆರಳು ಗಾತ್ರದ ಸಸಿ. ಆರು ಕುಡಿ ಬಂದವು. ಒಂದನ್ನು ಉಳಿಸಿ ಐದು ತೆಗೆದೆ.

"ಹೂಂ. ಪಾಪ, ಐದೂವೆ."

ಎರಡನೇ ವರ್ಷ ಪೈಪಿಗೆ ನೆಟ್ಟಗೆ ಕಟ್ಟಿದೆ. ಅದಕ್ಕೆ ಸುತ್ತಿಕೊಳ್ಳುವ ಚಟ. ಬಿಡಿಸುವುದು, ಕಟ್ಟುವುದು, ಬಿಡಿಸುವುದು. ಸುತ್ತಲು ಬಿಟ್ಟರೆ ದಪ್ಪವಾದ ಮೇಲೆ ತನ್ನ ಕೊರಳನ್ನು ತಾನೇ ಬಿಗಿದುಕೊಳ್ಳುತ್ತದೆ.

"ಹೂಂ."

ಮೂರನೇ ವರ್ಷ ಆಷಾಢದ ಗಾಳಿಗೆ ಎದೆಮಟ್ಟದಲ್ಲಿ ಮುರಿಯಿತು. ಕೂತು ಅತ್ತುಬಿಟ್ಟೆ. ಅವರೆ ಕಾಲವಲ್ಲದಿದ್ದರೂ ನೀವು ಬಂದಿದ್ದಿರಿ ಆಗ, ಬಾಳೆ ಪಟ್ಟೆ ಸುತ್ತು ಅಂದಿರಿ. ಸುತ್ತಿದೆ. ಕೆಳಗಿನ ಕಣ್ಣಿನಿಂದ ಹೊಸ ಕುಡಿ ಬಂತು. ನೆನಪಿದೆಯಾ?

"...ಹೂಂ."

ನಾಲ್ಕನೇ ವರ್ಷ ನನ್ನ ತಲೆಗಿಂತ ಎತ್ತರ ಹೋಯಿತು. ನೆತ್ತಿ ಚಿವುಟಿದೆ. ಮೇಲೆ ಹೋಗಲು ಬಿಡಲಿಲ್ಲ, ಪಕ್ಕಕ್ಕೆ ಕೊಂಬೆ ಒಡೆಯಿತು, ಕೊಡೆ ಹಾಗೆ. ಕೊಂಬೆಗಳನ್ನೂ ವರ್ಷಕ್ಕೆ ಎರಡು ಸಲ ಗಿಡ್ಡ ಮಾಡಬೇಕು, ಮಳೆ ಮುಗಿದ ಮೇಲೊಮ್ಮೆ, ಚಳಿಯಲ್ಲೊಮ್ಮೆ.

ತುಟಿ ಅಲ್ಲಾಡಿತು. ಹೂಂ ಅಂದ ಹಾಗೇ ಆಯಿತು.

ಐದನೇ ವರ್ಷ ಬರೀ ಎಲೆ. ಆರನೆಯದೂ ಎಲೆ. ಊಟಿಯವನಿಗೆ ಫೋನ್ ಮಾಡಿದರೆ, ಗೊಬ್ಬರ ನಿಲ್ಲಿಸು, ಹೊಟ್ಟೆ ತುಂಬಿದ್ದು ಹೂ ಬಿಡುವುದಿಲ್ಲ ಅಂದ. ನಿಲ್ಲಿಸಿದೆ.

ಅತ್ತೆ, ನಿಲ್ಲಿಸಿದೆ ಅಂದೆ.

ಗೊಬ್ಬರ ನಿಲ್ಲಿಸಿದೆ. ಕೇಳಿಸ್ತಾ? ಅತ್ತೆ, ಹೂಂ ಅನ್ನಿ. ಏಳನೇ ವರ್ಷ — ನರ್ಸ್!